ಹೋಪಿ ಗೊಂಬೆಯನ್ನು ದೇವರ ಜಗುಲಿಯ ಮೇಲೆ ಇಡಬಹುದೇ?

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿ ನೌಕರಿಯಲ್ಲಿರುವ ಮಗಳು ಅಲ್ಲಿನ ಮೂಲನಿವಾಸಿಗಳಾದ ಹೋಪಿ ಜನರು ಕೆತ್ತಿದ ‘ಕಟ್ಸಿನಾ’ ಎಂಬ ಮರದ ಗೊಂಬೆಯೊಂದನ್ನು ತಂದುಕೊಟ್ಟಿದ್ದಾಳೆ. ಮನೆಯಲ್ಲಿರುವ ಕಿನ್ನಾಳದ ಗರುಡನ ಪಕ್ಕದಲ್ಲಿಟ್ಟು ಇದನ್ನೂ ಪೂಜಿಸಬಹುದೇ? ಇದು ಅಸಲಿಯೋ ಅಲ್ಲವೋ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಪೂಜೆಗೆ ಇಡುವುದು ಬೇಡ, ಏಕೆಂದರೆ ಹೋಪಿ ಜನರೂ ಈ ಗೊಂಬೆಗಳನ್ನು ಪೂಜಿಸುವುದಿಲ್ಲ. ಅವರ ನಂಬಿಕೆಯಲ್ಲಿ ಕಟ್ಸಿನಾಗಳು ಮಳೆಯನ್ನೂ ಬೆಳೆಯನ್ನೂ ಕರುಣಿಸುವ ದಿವ್ಯಶಕ್ತಿಗಳು. ಈ ಶಕ್ತಿಗಳು ವರ್ಷದ ಸುಮಾರು ಅರ್ಧ ಭಾಗವನ್ನು ಅರಿಜೋನಾದ ಈಶಾನ್ಯದ ಚಪ್ಪಟೆ ಬೆಟ್ಟಗಳ ಮೇಲಿನ ಹೋಪಿ ಹಳ್ಳಿಗಳಲ್ಲಿ ಜನರೊಡನೆ ಕಳೆದು, ಜುಲೈ ತಿಂಗಳ ನಿಮಾನ್ ಆಚರಣೆಯಾದ ಮೇಲೆ ಫ್ಲ್ಯಾಗ್‌ಸ್ಟಾಫ್ ಊರಿನ ಸಮೀಪದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳುತ್ತವೆ. ಆ ಆಚರಣೆಯಲ್ಲಿ ಮತ್ತು ಫೆಬ್ರವರಿಯ ಪೊವಾಮುಯಾದಲ್ಲಿ ಕಟ್ಸಿನಾ ವೇಷ ಧರಿಸಿ ಕುಣಿಯುವವರು ಹೆಣ್ಣುಮಕ್ಕಳ ಕೈಗೆ ಗೊಂಬೆಗಳನ್ನು ನೀಡುತ್ತಾರೆ. ಹಸುಗೂಸುಗಳಿಗೆ ಸಿಗುವುದು ಹಲಗೆಯಂತೆ ಚಪ್ಪಟೆಯಾದ ಸರಳ ಗೊಂಬೆ. ಮನೆಯ ಗೋಡೆಗೋ ತೊಲೆಗೋ ತೂಗುಹಾಕಿದ ಗೊಂಬೆಗಳನ್ನು ದಿನವೂ ನೋಡುತ್ತ ಬೆಳೆಯುವ ಹುಡುಗಿಗೆ ಯಾವ ಕಟ್ಸಿನಾದ ಮುಖ, ಬಣ್ಣ, ಗುರುತು ಹೇಗಿರುತ್ತದೆಂಬುದು ತಾನಾಗಿ ತಿಳಿದುಬರುತ್ತದೆ. ಆದ್ದರಿಂದ ಅದನ್ನು ವಿಗ್ರಹವೆನ್ನುವುದೂ ಸರಿಯಲ್ಲ, ಬರಿಯ ಆಟಿಕೆಯೆನ್ನುವುದಂತೂ ಸಲ್ಲದು.

ಕೆತ್ತುವವರು ಸಂಪ್ರದಾಯದಂತೆ ಗಂಡಸರು. ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು ಬೆರೆಸಿದ ಲೇಪದಿಂದ ಗೊಂಬೆಗೆ ಮೈ ತುಂಬಿಸುತ್ತಾರಲ್ಲವೇ? ಹೋಪಿ ಕುಶಲಕರ್ಮಿ ಹಾಗೆ ಮಾಡದೆ, ಕಾಟನ್‌ವುಡ್ ಮರದ ಒಣಗಿದ ಬೇರಿನ ಒಂದೇ ತುಂಡಿನಲ್ಲಿ ದೇಹವನ್ನು ಕೆತ್ತಿ, ಕಿವಿ, ಕೊಂಬು, ಶಿರೋಭೂಷಣಗಳನ್ನು ಮಾತ್ರ ಆಮೇಲೆ ಸೇರಿಸುತ್ತಾನೆ. ಈ ಬೇರು ಹಗುರವಾಗಿರುವುದರಿಂದ ಕೈಚಾಕುವಿಗೂ ಸುಲಭವಾಗಿ ಬಗ್ಗುತ್ತದೆ. ನೀರಾವರಿಯೇ ಇಲ್ಲದೆ ಮಳೆಯನ್ನೇ ನೆಚ್ಚಿ ಮೆಕ್ಕೆಜೋಳ ಬೆಳೆಯುವ ಆ ಜನರು ನೀರಿನ ಪಸೆಯನ್ನರಸಿ ಹೋಗುವ ಬೇರಿನಿಂದಲೇ ಮಳೆ ತರುವ ಶಕ್ತಿಗಳ ರೂಪವನ್ನು ಕೆತ್ತುತ್ತಾರೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಕೆತ್ತನೆಯಾದ ಬಳಿಕ ಬಿಳಿಮಣ್ಣು ಸವರಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಹಳೆಯ ಗೊಂಬೆಗಳು ಕೈಗಳನ್ನು ಹೊಟ್ಟೆಗೆ ಆನಿಸಿಕೊಂಡು ನೆಟ್ಟಗೆ ನಿಂತಿರುತ್ತಿದ್ದವು. ಕೊಳ್ಳುವವರು ಹೆಚ್ಚಿದಂತೆ 20ನೆಯ ಶತಮಾನದಲ್ಲಿ ಕುಣಿತದ ಭಂಗಿಯ, ಪೀಠದ ಮೇಲೆ ನಿಲ್ಲುವ ಗೊಂಬೆಗಳು ಬಂದವು. ಮ್ಯಾನ್‌ಫ್ರೆಡ್ ಸುಸುಂಕೆವಾ ಅವರಂಥ ಕಲಾವಿದರು ಮತ್ತೆ ಹಳೆಯ ಶೈಲಿಗೂ ಖನಿಜ ಬಣ್ಣಗಳಿಗೂ ಮರಳಿದ್ದು ನಿಜಕ್ಕೂ ದೊಡ್ಡ ಕೆಲಸ.

ಅಸಲಿತನಕ್ಕೆ ಒಂದೇ ಗುರುತನ್ನು ನೆಚ್ಚಲಾಗದು. ಪೀಠದಡಿಯಲ್ಲಿ ಕೆತ್ತಿದವರ ಹೆಸರಿದೆಯೇ, ಮಾರಿದವರು ಅವರ ಹಳ್ಳಿಯ ಹೆಸರನ್ನು ಹೇಳಬಲ್ಲರೇ ಎಂದು ಮಗಳಿಂದ ವಿಚಾರಿಸಿರಿ. ಹದ್ದು ಮೊದಲಾದ ಪಕ್ಷಿಗಳ ಗರಿಗಳ ಮಾರಾಟಕ್ಕೆ ಅಲ್ಲಿ ಕಾನೂನಿನ ನಿಷೇಧವಿರುವುದರಿಂದ, ನುರಿತ ಕೆತ್ತನೆಗಾರರು ಗರಿಗಳನ್ನೂ ಮರದಲ್ಲೇ ಕೆತ್ತುತ್ತಾರೆ. ತುಪ್ಪಳ, ಚರ್ಮದ ಚೂರುಗಳನ್ನು ಧಾರಾಳವಾಗಿ ಅಂಟಿಸಿದ ಗೊಂಬೆಯಾದರೆ ಪ್ರವಾಸಿಗರಿಗಾಗಿ ಬೇರೆಯವರು ತಯಾರಿಸಿದ ಅನುಕರಣೆಯಾಗಿರುವ ಸಂಭವ ಹೆಚ್ಚು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದನ್ನು 1990ರ ಅಮೆರಿಕದ ಕಾಯಿದೆಯೊಂದು ಅಪರಾಧವೆಂದು ಪರಿಗಣಿಸುತ್ತದೆ.

ಗೊಂಬೆಯನ್ನು ಪಡಸಾಲೆಯ ಗೋಡೆಯ ಮೇಲೆ, ಬಿಸಿಲು ತಾಗದ ಎತ್ತರದಲ್ಲಿ ಇಡಿರಿ. ಖನಿಜ ಬಣ್ಣ ಬೆರಳಿಗೇ ಅಂಟಿ ಬರುವಷ್ಟು ಸಡಿಲವಾಗಿರುವುದುಂಟು. ಹಾಗಾಗಿ ಎಣ್ಣೆ, ನೀರು, ಅರಿಸಿನ, ಕುಂಕುಮ ಯಾವುದನ್ನೂ ಅದಕ್ಕೆ ಸೋಕಿಸದೆ, ಧೂಳನ್ನು ಮೃದುವಾದ ಒಣ ಕುಂಚದಿಂದ ಮಾತ್ರ ತೆಗೆಯಿರಿ.