ಸಂಪಾದಕರ ಉತ್ತರ: ಎಂಟು ಜನರಿಗೂ ಒಂದೇ ಶೈಲಿ ಯಾಕೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದೆ. ಹೊಸದಾಗಿ ಟೀಮ್ ಲೀಡರ್ ಆಗಿದ್ದೀರಿ, ನಿಮ್ಮ ಕೈಕೆಳಗೆ ಎಂಟು ಜನ. ಎಲ್ಲರೂ ದಿನಾ ಸಂಜೆ ವರದಿ ಕಳಿಸಬೇಕು ಅಂದಿರಿ. ಹೊಸಬರಿಗೆ ಅದರಿಂದ ಧೈರ್ಯ ಬಂತು, 12 ವರ್ಷ ಅನುಭವ ಇರುವ ಹಿರಿಯರೊಬ್ಬರು ಮಾತ್ರ ನಿಮ್ಮ ಜೊತೆ ಮಾತೇ ಕಡಿಮೆ ಮಾಡಿದರು. "ಪ್ರಜಾಸತ್ತಾತ್ಮಕ ಶೈಲಿ, ಪರಿವರ್ತನಾ ಶೈಲಿ ಅಂತ ಏನೇನೋ ಓದಿದೆ, ಯಾವುದು ಒಳ್ಳೆಯದು ಅಂತ ಒಂದೇ ಒಂದನ್ನು ಹೇಳಿ" ಎಂದು ಕೇಳಿದ್ದೀರಿ.

ಒಂದನ್ನೇ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಎಂಟು ಜನರಿಗೂ ಒಂದೇ ಅಳತೆ ಇಟ್ಟಿದ್ದರಿಂದಲೇ ತೊಂದರೆ ಶುರುವಾಗಿದ್ದು.

ಮೊದಲು ನಿಮ್ಮ ಭಯದ ಮಾತು. "ನನ್ನ ಸ್ವಭಾವವೇ ಇದಕ್ಕೆ ಹೊಂದಲ್ಲವೇನೋ" ಎಂದಿದ್ದೀರಿ. ರಾಲ್ಫ್ ಸ್ಟಾಗ್ಡಿಲ್ ಎಂಬ ಸಂಶೋಧಕರು 1948ರಲ್ಲಿ ನಾಯಕರ ಗುಣಗಳ ಮೇಲಿನ 124 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬುದ್ಧಿ, ಆತ್ಮವಿಶ್ವಾಸ, ಹೊಣೆ ಹೊರುವ ಗುಣ ಎಲ್ಲವೂ ಸಹಾಯಕ್ಕೆ ಬರುತ್ತವೆ, ಆದರೆ ಇಂಥ ಗುಣಗಳಿದ್ದ ಮಾತ್ರಕ್ಕೆ ಯಾರೂ ನಾಯಕರಾಗುವುದಿಲ್ಲ, ಒಂದು ಕಡೆ ಮುಂದಾಳಾದವರು ಇನ್ನೊಂದು ಕಡೆಯೂ ಆಗುತ್ತಾರೆ ಅನ್ನೋಕಾಗಲ್ಲ ಎಂದು ಅವರಿಗೆ ಕಂಡಿತು. ಹಾಗಾಗಿ ಆ ಚಿಂತೆ ಬಿಡಿ.

ಶೈಲಿಗಳ ಮಾತು ಬಂದರೆ ನನಗೆ ತುಂಬಾ ಇಷ್ಟವಾದದ್ದು ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ 1939ರಲ್ಲಿ ಪ್ರಕಟಿಸಿದ ಪ್ರಯೋಗ. 10 ವರ್ಷದ ಹುಡುಗರ ಚಿಕ್ಕ ಚಿಕ್ಕ ಗುಂಪುಗಳು, ಮುಖವಾಡ ಮಾಡುವಂಥ ಕೈಕೆಲಸ. ಒಂದು ಕಡೆ ಎಲ್ಲವನ್ನೂ ತಾನೇ ಹೇಳಿ ಮಾಡಿಸುವ ನಾಯಕ, ಇನ್ನೊಂದು ಕಡೆ ಹುಡುಗರ ಜೊತೆ ಕೂತು ತೀರ್ಮಾನಿಸುವವನು (ನೀವು ಓದಿದ ಪ್ರಜಾಸತ್ತಾತ್ಮಕ ಶೈಲಿ ಇದೇ), ಮತ್ತೊಂದು ಕಡೆ ಏನಾದರೂ ಮಾಡ್ಕೊಳ್ಳಿ ಅಂತ ಸುಮ್ನೆ ಬಿಟ್ಟವನು. ನಾಯಕ ಕೋಣೆಯಿಂದ ಹೊರಗೆ ಹೋದಾಗ ನಡೆದದ್ದನ್ನು ನೋಡಿ: ದಬ್ಬಾಳಿಕೆಯ ಗುಂಪಿನಲ್ಲಿ ಕೆಲಸ ಕುಸಿಯಿತು, ಕೂಡಿ ತೀರ್ಮಾನಿಸಿದ ಗುಂಪಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ಕೆಲಸ ಸರಿಯಾಗಿ ಆಗಲೇ ಇಲ್ಲ, ಇದನ್ನೂ ಮರೆಯಬೇಡಿ. ನೀವು ರಜೆ ಹಾಕಿದ ದಿನ ನಿಮ್ಮ ಟೀಮ್‌ನಲ್ಲಿ ಏನಾಗುತ್ತದೆ? ಅದನ್ನು ಗಮನಿಸಿದರೆ ನಿಮ್ಮ ಬಗ್ಗೆಯೇ ಬೇಕಾದಷ್ಟು ಗೊತ್ತಾಗುತ್ತದೆ.

ಈಗ ಆ ಹಿರಿಯರ ವಿಷಯ. ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸನ್ನಿವೇಶ ಆಧಾರಿತ ನಾಯಕತ್ವದ ವಿಚಾರ ಇಲ್ಲಿ ಕೈಗೆ ಸಿಗುವಂಥದ್ದು. ಎದುರಿಗಿರುವವರಿಗೆ ಈ ಕೆಲಸ ಬರುತ್ತಾ, ಮಾಡುವ ಮನಸ್ಸಿದೆಯಾ, ಇವೆರಡನ್ನೂ ನೋಡಿ ನಡೆದುಕೊಳ್ಳಿ ಅನ್ನುತ್ತದೆ ಅದು. ಹೊಸಬರಿಗೆ ಹೆಜ್ಜೆ ಹೆಜ್ಜೆಗೂ ಹೇಳಿಕೊಡಬೇಕು. ಕೆಲಸ ಬಲ್ಲವರಿಗೆ ಒಪ್ಪಿಸಿ ಪಕ್ಕಕ್ಕೆ ಸರಿಯಬೇಕು. ಸಂಶೋಧನೆಯಲ್ಲಿ ಇದಕ್ಕೆ ಸಿಕ್ಕ ಬೆಂಬಲ ಅಷ್ಟೇನೂ ಗಟ್ಟಿಯಲ್ಲ, ಆದರೂ ದಿನನಿತ್ಯದ ಕೆಲಸದಲ್ಲಿ ಸರಿಯಾದ ಪ್ರಶ್ನೆ ಕೇಳಿಸುತ್ತದೆ, ಅಷ್ಟಕ್ಕೇ ಇದನ್ನು ಬಳಸಿ. ಆ ಹಿರಿಯರಿಗೆ ನಿಮ್ಮ ಸಂಜೆಯ ವರದಿ "ನಿಮ್ಮ ಮೇಲೆ ನಂಬಿಕೆ ಇಲ್ಲ" ಅಂತ ಕೇಳಿಸಿದೆ, ಅಷ್ಟೇ.

ಒಬ್ಬೊಬ್ಬರ ಜೊತೆ ಒಂದೊಂದು ಥರ ಅಂದಾಗ ಪಕ್ಷಪಾತದ ಮಾತು ಬಂದೇ ಬರುತ್ತದೆ, ಅಲ್ವಾ? ಜಾರ್ಜ್ ಗ್ರೇನ್ ಮತ್ತು ಜೊತೆಗಾರರು 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ನಾಯಕರ ಸುತ್ತ ತಮಗೆ ಗೊತ್ತಿಲ್ಲದೆಯೇ ಒಂದು ಒಳಗುಂಪು ಬೆಳೆಯುತ್ತದೆ, ಒಳ್ಳೆಯ ಕೆಲಸ, ಮಾಹಿತಿ, ಸಲುಗೆ ಎಲ್ಲ ಅವರಿಗೇ ಜಾಸ್ತಿ ಸಿಗುತ್ತದೆ. ಅದಕ್ಕೇ, ಯಾರಿಗೆ ಎಷ್ಟು ಬಿಡುತ್ತೀರಿ ಅನ್ನುವುದಕ್ಕೆ ಕಾರಣವನ್ನು ಎಲ್ಲರ ಮುಂದೆ ಹೇಳಿ. ಕಾರಣ ಹೇಳಲು ಮುಜುಗರ ಆಯಿತೆಂದರೆ, ಅದು ಬಹುಶಃ ಕೆಲಸದ ಕಾರಣ ಆಗಿರುವುದಿಲ್ಲ.

ಪರಿವರ್ತನಾ ನಾಯಕತ್ವದ ಬಗ್ಗೆ, ಅಂದರೆ ದೊಡ್ಡ ಗುರಿ ತೋರಿಸಿ ಜನರಲ್ಲಿ ಹುಮ್ಮಸ್ಸು ತುಂಬುವ ಶೈಲಿಯ ಬಗ್ಗೆ, ಒಂದೇ ಮಾತು. ಬರ್ನಾರ್ಡ್ ಬ್ಯಾಸ್ ಎಂಬ ಸಂಶೋಧಕರು 1985ರಲ್ಲಿ ಅದನ್ನು ಸಂಸ್ಥೆಗಳಿಗೆ ಅನ್ವಯಿಸಿದಾಗ, ಕೆಲಸಕ್ಕೆ ತಕ್ಕ ಪ್ರತಿಫಲ ಕೊಡುವ ಮಾಮೂಲಿ ವ್ಯವಹಾರವನ್ನು ಬಿಟ್ಟುಬಿಡಿ ಅನ್ನಲಿಲ್ಲ, ಅದರ ಮೇಲೆ ಇದನ್ನು ಕಟ್ಟಿ ಅಂದರು. ದೊಡ್ಡ ಕನಸಿನ ಮಾತಾಡುವ ಮೊದಲು, ಯಾರು ಏನು ಮಾಡಬೇಕು, ಮಾಡಿದರೆ ಏನು ಸಿಗುತ್ತದೆ ಅನ್ನುವುದು ಸ್ಪಷ್ಟವಾಗಿರಲಿ.

ಈ ವಾರವೇ ಆ ಹಿರಿಯರ ಜೊತೆ ಒಬ್ಬರೇ ಕೂತು ಮಾತಾಡಿ. "ಈ ಕೆಲಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ದಿನಾ ವರದಿ ಬೇಡ, ಎಲ್ಲಾದರೂ ಸಿಕ್ಕಿಕೊಂಡರೆ ಹೇಳಿ ಸಾಕು" ಅನ್ನಿ. ಹೊಸಬರ ವರದಿ ಮುಂದುವರಿಯಲಿ, ಎಲ್ಲಿಯವರೆಗೆ ಅಂತ ಅವರಿಗೂ ಹೇಳಿ. ನಾಳೆ ಆ ಹಿರಿಯರ ಕೈಗೇ ಹೊಸ ಸಾಫ್ಟ್‌ವೇರ್ ಬಂದರೆ ಆ ಕೆಲಸದ ಮಟ್ಟಿಗೆ ಅವರೂ ಹೊಸಬರೇ, ಆಗ ಪಕ್ಕದಲ್ಲಿ ಕೂರಲು ಹಿಂಜರಿಯಬೇಡಿ.

– ಸಂಪಾದಕ