ನಿಮ್ಮ ಜಿರಾಫೆ ಲೇಖನವನ್ನು ಯಾಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುವಂಥ ಲೇಖನವೂ ಇದಲ್ಲ. ನಿಮಗೆ ಬರೆಯಲು ಬರುತ್ತದೆ. ವಿಷಯ ನಿಮ್ಮನ್ನು ನಿಜವಾಗಿಯೂ ಕಾಡಿದೆ ಅನ್ನುವುದು ಗೊತ್ತಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಒಪ್ಪಿರುವುದರಿಂದ ಈ ಉತ್ತರವನ್ನು ಬೇರೆ ಹೊಸಬರೂ ಓದುತ್ತಾರೆ. ಅವರಿಗಾಗಿ ಲೇಖನದಲ್ಲಿ ಏನಿತ್ತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. 2014ರ ಫೆಬ್ರವರಿ 9, ಭಾನುವಾರ, ಡೆನ್ಮಾರ್ಕ್‌ನ ಕೋಪನ್‌ಹೇಗನ್ ಮೃಗಾಲಯದಲ್ಲಿ ಮಾರಿಯಸ್ ಅನ್ನುವ ಗಂಡು ಜಿರಾಫೆಯನ್ನು ಕೊಂದರು. ಕಾಯಿಲೆ ಇರಲಿಲ್ಲ, ಗಾಯ ಇರಲಿಲ್ಲ, ವಯಸ್ಸು ಎರಡು ವರ್ಷದ ಆಸುಪಾಸು. ಆಮೇಲೆ ಜನರ ಎದುರಿಗೇ, ಮಕ್ಕಳೂ ನಿಂತು ನೋಡುತ್ತಿರುವಾಗ, ಅದನ್ನು ಕೊಯ್ದು ಒಳಗಿನ ಅಂಗಗಳನ್ನು ತೋರಿಸಿ ವಿವರಿಸಿದರು. ಮಾಂಸವನ್ನು ಸಿಂಹಗಳಿಗೆ ಹಾಕಿದರು. ಇದಿಷ್ಟು ನಡೆದದ್ದು. ನೀವು ಇದನ್ನು ಮಾರಿಯಸ್‌ನ ಬಾಯಲ್ಲೇ ಹೇಳಿಸಿದ್ದೀರಿ. ಅದು ಕೊನೆಯ ರಾತ್ರಿ ನಕ್ಷತ್ರ ನೋಡುತ್ತಾ ಆಫ್ರಿಕಾದ ಬಯಲನ್ನು ನೆನೆಯುತ್ತದೆ, ಅಮ್ಮನನ್ನು ಕರೆಯುತ್ತದೆ, ಬೆಳಿಗ್ಗೆ ಯಾರೋ ಬಂದು ವಿಷದ ಸೂಜಿ ಚುಚ್ಚುತ್ತಾರೆ. ನಡುವೆ ಮೃಗಾಲಯದವರನ್ನು ಏಳು ಸಲ ‘ರಾಕ್ಷಸರು’ ಅಂದಿದ್ದೀರಿ. ಕೊನೆಗೆ ‘ಪ್ರಾಣಿಗಳಲ್ಲಿ ದೇವರನ್ನು ಕಾಣುವ ನಮ್ಮ ನಾಡಿನಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇಲ್ಲ’ ಅಂತ ಮುಗಿಸಿದ್ದೀರಿ.

ಮೊದಲು ಸೂಜಿಯ ವಿಷಯ. ವಿಷದ ಸೂಜಿ ಚುಚ್ಚಲಿಲ್ಲ. ಚುಚ್ಚಿದ್ದರೆ ಆ ಔಷಧ ಮಾಂಸದಲ್ಲಿ ಉಳಿಯುತ್ತಿತ್ತು, ಸಿಂಹಗಳಿಗೆ ಹಾಕಲು ಆಗುತ್ತಿರಲಿಲ್ಲ. ನಡೆದದ್ದು ಬೇರೆ. ರೈ ಅನ್ನುವ ಧಾನ್ಯದಿಂದ ಮಾಡುವ ಕಪ್ಪು ಬಣ್ಣದ ಬ್ರೆಡ್ಡು ಡೆನ್ಮಾರ್ಕ್‌ನಲ್ಲಿ ದಿನನಿತ್ಯದ ಊಟ, ನಮಗೆ ಮುದ್ದೆಯೋ ರೊಟ್ಟಿಯೋ ಇದ್ದ ಹಾಗೆ. ಮಾರಿಯಸ್‌ಗೆ ಅದು ಇಷ್ಟ. ಆ ಬೆಳಿಗ್ಗೆ ಅದನ್ನೇ ತೋರಿಸಿ ಕರೆದರು. ಅದು ಕತ್ತು ಬಗ್ಗಿಸಿತು. ಆಗ ಪಶುವೈದ್ಯರು ಗನ್ನಿನಿಂದ ತಲೆಗೆ ಹೊಡೆದರು.

ಇದನ್ನು ಯಾಕೆ ಬಿಟ್ಟಿರಿ? ನೀವು ಓದಿರುವ ಸುದ್ದಿಗಳಲ್ಲಿ ಇದು ಇದ್ದೇ ಇರುತ್ತದೆ. ನಕ್ಷತ್ರ, ಕಣ್ಣೀರು, ಆಫ್ರಿಕಾದ ಬಯಲು, ಇವೆಲ್ಲಾ ನೀವು ಸೇರಿಸಿದ್ದು. ಮಾರಿಯಸ್ ಹುಟ್ಟಿದ್ದೇ ಆ ಮೃಗಾಲಯದಲ್ಲಿ, ಅದು ಆಫ್ರಿಕಾ ನೋಡಿಯೇ ಇರಲಿಲ್ಲ. ಆದರೆ ಒಂದು ತುಂಡು ಬ್ರೆಡ್ಡಿಗೆ ಕತ್ತು ಬಗ್ಗಿಸಿದ್ದು ನಿಜ. ಹುಟ್ಟಿದಾಗಿನಿಂದ ಮನುಷ್ಯರ ಕೈಯಿಂದ ತಿಂಡಿ ಬಿಟ್ಟರೆ ಬೇರೇನೂ ಬಂದಿಲ್ಲ ಅನ್ನುವ ಪ್ರಾಣಿ ಮಾತ್ರ ಹಾಗೆ ಹತ್ತಿರ ಬರುತ್ತದೆ. ಮೈಸೂರು ಮೃಗಾಲಯದಲ್ಲಿ ಜಿರಾಫೆಯನ್ನು ಗಮನಿಸಿದ್ದೀರಾ? ಎಲೆಗೆ ಮೊದಲು ಬರುವುದು ಅದರ ನಾಲಿಗೆ. ಕಪ್ಪು ನೀಲಿ ಬಣ್ಣ, ಒಂದು ಮೊಳದಷ್ಟು ಉದ್ದ, ಎಲೆಯ ಸುತ್ತ ಹಗ್ಗದಂತೆ ಸುತ್ತಿಕೊಂಡು ಎಳೆಯುತ್ತದೆ. ಹತ್ತಿರದಿಂದ ನೋಡಿದ ಮೇಲೆ ಬ್ರೆಡ್ಡಿನ ಆ ಒಂದು ಕ್ಷಣವನ್ನು ಬರೆದು ನೋಡಿ. ‘ರಾಕ್ಷಸರು’ ಅಂತ ಒಂದು ಸಲವೂ ಬರೆಯಬೇಕಾಗುವುದಿಲ್ಲ.

ಆ ಪದದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನೀವು ಮೃಗಾಲಯದವರ ಮಾತನ್ನು ಲೇಖನದಲ್ಲಿ ಒಂದು ಸಾಲೂ ಕೇಳಿಸಿಲ್ಲ. ಅವರು ಸುಮ್ನೆ ಇರಲಿಲ್ಲ. ಅಲ್ಲಿನ ವೈಜ್ಞಾನಿಕ ನಿರ್ದೇಶಕ ಬೆಂಗ್ಟ್ ಹೋಲ್ಸ್ಟ್ ಎಲ್ಲ ಕ್ಯಾಮೆರಾಗಳ ಮುಂದೆ ನಿಂತು ಉತ್ತರ ಕೊಟ್ಟರು, ಜೀವ ಬೆದರಿಕೆ ಬಂದರೂ ಮಾತು ಬದಲಿಸಲಿಲ್ಲ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಯುರೋಪಿನ ಮೃಗಾಲಯಗಳು ಸೇರಿ ಜಿರಾಫೆಗಳ ಸಂತಾನ ಯೋಜನೆ ನಡೆಸುತ್ತವೆ. ಯಾವುದಕ್ಕೆ ಯಾವುದು ಜೋಡಿ ಅನ್ನುವುದಕ್ಕೆಲ್ಲ ಲೆಕ್ಕ ಇದೆ, ಇಲ್ಲದಿದ್ದರೆ ಹತ್ತಿರದ ರಕ್ತ ಸೇರಿ ಸೇರಿ ಇಡೀ ಹಿಂಡು ಬಲಹೀನ ಆಗುತ್ತದೆ. ಮಾರಿಯಸ್‌ನ ಮನೆತನದ ಜಿರಾಫೆಗಳು ಆ ಯೋಜನೆಯಲ್ಲಿ ಆಗಲೇ ಜಾಸ್ತಿ ಇದ್ದವು. ಇಂಗ್ಲೆಂಡಿನ ಯಾರ್ಕ್‌ಷೈರ್ ವೈಲ್ಡ್‌ಲೈಫ್ ಪಾರ್ಕ್ ‘ನಾವು ಇಟ್ಟುಕೊಳ್ಳುತ್ತೇವೆ’ ಅಂತ ಮುಂದೆ ಬಂತು, ಆದರೆ ಅಲ್ಲಿ ಮಾರಿಯಸ್‌ನ ಅಣ್ಣ ಆಗಲೇ ಇತ್ತು. ಅಲ್ಲಿ ಜಾಗ ಇದ್ದರೆ ಅದು ಯೋಜನೆಗೆ ಹೆಚ್ಚು ಬೇಕಾದ ಜಿರಾಫೆಗೆ ಸಿಗಲಿ ಅನ್ನುವುದು ಇವರ ವಾದ. ಒಬ್ಬ ವ್ಯಕ್ತಿ ಐದು ಲಕ್ಷ ಯೂರೋ ಕೊಟ್ಟು ಕೊಳ್ಳುತ್ತೇನೆ ಅಂದರೂ ಮಾರಲಿಲ್ಲ. ಕೊಲ್ಲಬೇಡಿ ಅಂತ 20,000ಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ದರು, ಅದಕ್ಕೂ ಬಗ್ಗಲಿಲ್ಲ.

ಇದು ರಾಕ್ಷಸನ ಮಾತಲ್ಲ. ಇದು ಲೆಕ್ಕ ಇಟ್ಟವನ ಮಾತು. ಇದಕ್ಕೆ ಉತ್ತರ ಕೊಡುವುದು ಬೈದಷ್ಟು ಸುಲಭ ಅಲ್ಲ, ಅಲ್ವಾ?

ಅಷ್ಟೇ ಅಲ್ಲ, ಅವರು ಮುಚ್ಚಿಡಲಿಲ್ಲ. ನಿಮ್ಮ ಲೇಖನದಲ್ಲಿ ಅತಿ ಹೆಚ್ಚು ಸಿಟ್ಟು ಇರುವುದು ಮಕ್ಕಳ ಮುಂದೆ ಕೊಯ್ದದ್ದರ ಬಗ್ಗೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದು ನಿಲ್ಲಿಸಿದ್ದು ಅವರ ಅಪ್ಪ ಅಮ್ಮಂದಿರು. ಸಿಂಹ ಮಾಂಸ ತಿನ್ನುತ್ತದೆ, ಮಾರಿಯಸ್ ಅಲ್ಲದಿದ್ದರೆ ಹೆಸರಿಲ್ಲದ ಇನ್ನೊಂದು ಪ್ರಾಣಿಯದ್ದು. ಎಲ್ಲ ಮೃಗಾಲಯದ ಹಿಂಬಾಗಿಲಲ್ಲೂ ಬೆಳಿಗ್ಗೆ ಮಾಂಸದ ಗಾಡಿ ನಿಲ್ಲುತ್ತದೆ, ಅದರ ಬಗ್ಗೆ ಯಾರೂ ಮನವಿ ಬರೆಯುವುದಿಲ್ಲ. ಹಾಗಾಗಿ ಈ ಭಾಗ ತೆಗೆದುಬಿಡಿ. ನಿಮ್ಮ ಸಿಟ್ಟು ತಪ್ಪು ಜಾಗದಲ್ಲಿ ಖರ್ಚಾಗಿದೆ.

ಹಾಗಾದರೆ ಸರಿಯಾದ ಜಾಗ ಯಾವುದು? ನನ್ನ ಪ್ರಕಾರ ಅದು ಮಾರಿಯಸ್ ಹುಟ್ಟುವುದಕ್ಕೂ ಮುಂಚೆ ಇದೆ. ಜಿರಾಫೆ ಸುಮಾರು 15 ತಿಂಗಳು ಗಬ್ಬ ಹೊರುತ್ತದೆ. ಹುಟ್ಟುವುದರಲ್ಲಿ ಅರ್ಧ ಗಂಡು. ಒಂದು ಗುಂಪಿಗೆ ದೊಡ್ಡ ಗಂಡು ಒಂದಿದ್ದರೆ ಸಾಕು, ಬೆಳೆದ ಗಂಡುಮರಿ ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇದೆಲ್ಲ ಆ ಮೃಗಾಲಯಕ್ಕೆ ಚೆನ್ನಾಗಿ ಗೊತ್ತು. ಗಬ್ಬ ಆಗದಂತೆ ತಡೆಯುವ ಔಷಧಗಳಿವೆ, ಗಂಡು ಹೆಣ್ಣನ್ನು ಬೇರೆ ಇಡುವ ದಾರಿಯೂ ಇದೆ. ಅಮೆರಿಕದ ಮೃಗಾಲಯಗಳು ಹೆಚ್ಚಾಗಿ ಆ ದಾರಿಯನ್ನೇ ಹಿಡಿದಿವೆ. ಕೋಪನ್‌ಹೇಗನ್‌ನವರು ಬೇಡ ಅಂದರು. ಔಷಧದಿಂದ ಪ್ರಾಣಿಗೆ ತೊಂದರೆ ಆಗುತ್ತದೆ, ಮರಿ ಹಾಕಿ ಸಾಕುವುದು ಪ್ರಾಣಿಯ ಸಹಜ ಬದುಕು, ಅದನ್ನು ಕಿತ್ತುಕೊಳ್ಳಬಾರದು ಅಂದರು. ಮರಿ ಹುಟ್ಟಲಿ, ತಾಯಿ ಬೆಳೆಸಲಿ, ದೊಡ್ಡದಾದ ಮೇಲೆ ಜಾಗ ಇಲ್ಲದಿದ್ದರೆ ಕೊಲ್ಲೋಣ. ಇದು ಅವರ ನೀತಿ.

ಇಲ್ಲಿ ನಾನು ಅವರನ್ನು ಒಪ್ಪುವುದಿಲ್ಲ. ತಾಯಿಯ ಸಹಜ ಬದುಕಿಗೆ ಬೇಕು ಅಂತ ಮರಿಯನ್ನು ಹುಟ್ಟಲು ಬಿಟ್ಟರೆ, ಆ ಮರಿ ತಾಯಿಯ ಆಟದ ಸಾಮಾನು ಆಯಿತು. ಕಾಡಿನಲ್ಲಿ ಮರಿಗಳು ಸಾಯುತ್ತವೆ ನಿಜ. ಆದರೆ ಕಾಡು ಯಾರನ್ನೂ ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ನಂಬಿಸುವುದಿಲ್ಲ. ಬೇಲಿ ಹಾಕಿದವರು, ಹೊಟ್ಟೆಗೆ ಹಾಕಿದವರು, ಜೋಡಿ ಮಾಡಿದವರು, ಟಿಕೆಟ್ ಮಾರಿ ಮರಿಯನ್ನು ತೋರಿಸಿದವರು ಆ ಮರಿಯ ಪೂರ್ತಿ ಆಯುಸ್ಸಿಗೆ ಜವಾಬ್ದಾರರು. ಅಷ್ಟು ಹೊರಲು ಆಗದಿದ್ದರೆ ಹುಟ್ಟಿಸಬಾರದು. ನನ್ನ ನಿಲುವು ಇಷ್ಟೇ. ನಿಮ್ಮದು ಬೇರೆ ಇದ್ದರೂ ಪರವಾಗಿಲ್ಲ, ಆದರೆ ನಿಮ್ಮದು ಅಂತ ಒಂದು ಇರಬೇಕು. ಈಗ ಲೇಖನದಲ್ಲಿ ಸಂಕಟ ಇದೆ, ನಿಲುವು ಇಲ್ಲ.

ಇದು ಒಂದು ಜಿರಾಫೆಯ ವಿಷಯವೂ ಅಲ್ಲ. ಮುಂದಿನ ತಿಂಗಳೇ, 2014ರ ಮಾರ್ಚ್‌ನಲ್ಲಿ, ಅದೇ ಮೃಗಾಲಯ ಹೊಸ ಗಂಡು ಸಿಂಹಕ್ಕೆ ಜಾಗ ಮಾಡಲು ನಾಲ್ಕು ಸಿಂಹಗಳನ್ನು ಕೊಂದಿತು, ಎರಡು ಮುದಿ, ಎರಡು ಎಳೆಯವು. 2025ರ ಜುಲೈನಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಮೃಗಾಲಯ 12 ಬಬೂನ್ ಕೋತಿಗಳನ್ನು ಕೊಂದಿತು. 25ಕ್ಕೆ ಅಂತ ಕಟ್ಟಿದ ಜಾಗದಲ್ಲಿ 40ಕ್ಕೂ ಹೆಚ್ಚು ಆಗಿದ್ದವು, ಒಂದಕ್ಕೊಂದು ಕಚ್ಚಾಡುತ್ತಿದ್ದವು. ಬೇರೆ ಕಡೆ ಕಳಿಸಲು ನೋಡಿದೆವು, ಸಂತಾನ ತಡೆಯಲೂ ನೋಡಿದೆವು, ಆಗಲಿಲ್ಲ ಅಂತ ಅಲ್ಲಿಯವರು ಹೇಳಿದರು. ಇವನ್ನೂ ಓದಿಕೊಳ್ಳಿ. ಲೇಖನದಲ್ಲಿ ಹಾಕಲೇಬೇಕು ಅಂತಲ್ಲ. ಆದರೆ ಗೊತ್ತಿದ್ದು ಬಿಡುವುದಕ್ಕೂ ಗೊತ್ತಿಲ್ಲದೆ ಬಿಡುವುದಕ್ಕೂ ವ್ಯತ್ಯಾಸ ಇದೆ, ಓದುವವರಿಗೆ ಅದು ತಿಳಿಯುತ್ತದೆ.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ನಮ್ಮ ನಾಡಿನಲ್ಲಿ ಸಾಧ್ಯವೇ ಇಲ್ಲ ಅನ್ನುವ ಸಾಲು. ಅರ್ಧ ಸರಿ. ನಮ್ಮ ಮೃಗಾಲಯಗಳಲ್ಲಿ ಜಾಗ ಇಲ್ಲ ಅಂತ ಆರೋಗ್ಯವಾಗಿರುವ ಪ್ರಾಣಿಯನ್ನು ಕೊಲ್ಲುವಂತಿಲ್ಲ. ವಾಸಿಯಾಗದ ಕಾಯಿಲೆ, ತಡೆಯಲಾಗದ ನೋವು ಇದ್ದರೆ ಮಾತ್ರ ದಯಾಮರಣ. ಇನ್ನರ್ಧ ಏನು? ಚಂಡೀಗಢದ ಹತ್ತಿರದ ಛತ್‌ಬೀರ್ ಮೃಗಾಲಯದಲ್ಲಿ ಏನಾಯಿತು ನೋಡಿ. ನಮ್ಮ ಏಷ್ಯಾ ಸಿಂಹಗಳನ್ನು ಸರ್ಕಸ್ಸಿನಿಂದ ಬಂದ ಆಫ್ರಿಕಾ ಸಿಂಹಗಳ ಜೊತೆ ಕೂಡಿಸಿ ಮಿಶ್ರ ತಳಿಯನ್ನು ಹುಟ್ಟಿಸಿದರು. ಮರಿಗಳು ಬಲಹೀನವಾದವು, ಹಿಂಗಾಲು ಸರಿಯಾಗಿ ಊರಲಾರದವೂ ಇದ್ದವು. ಕೊಲ್ಲಲಿಲ್ಲ, ನಿಜ. ಗಂಡುಗಳಿಗೆ ಆಪರೇಷನ್ ಮಾಡಿಸಿ, ಒಂದೊಂದಾಗಿ ಮುದಿಯಾಗಿ ಸಾಯುವವರೆಗೆ ಇಟ್ಟುಕೊಂಡರು. ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೂ ಸರ್ಕಸ್ ಸಿಂಹಗಳು ಬಂದವು. ಸರ್ಕಸ್ಸಿನಲ್ಲಿ ಸಿಂಹ, ಹುಲಿ, ಕರಡಿ, ಕೋತಿ ಬಳಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲಿ ಆದೇಶ ಮಾಡಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಆಮೇಲೆ ಬಂದವು ಅವು. ಯಾವ ಸಂತಾನ ಯೋಜನೆಗೂ ಬೇಡದ ಪ್ರಾಣಿಗಳು. ಸಾಯುವ ತನಕ ಸಾಕಿದರು. ನಾನು ಮೇಲೆ ಹೇಳಿದ ಪೂರ್ತಿ ಆಯುಸ್ಸಿನ ಜವಾಬ್ದಾರಿ ಅಂದರೆ ಇದೇ. ಅದು ನೋಡಲು ಚೆಂದ ಇರುವುದಿಲ್ಲ. ವರ್ಷಗಟ್ಟಲೆ ಮಾಂಸ, ಔಷಧ, ಆಳು, ಜಾಗ ಬೇಕು. ನಮ್ಮ ದಾರಿ ಹೆಚ್ಚು ಸರಿ ಅಂತ ನಿಮಗೆ ಅನ್ನಿಸಿದರೆ ಬರೆಯಿರಿ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ಸಿಂಹಗಳನ್ನು ತೋರಿಸಿ ಬರೆಯಿರಿ. ದೇವರನ್ನು ಮುಂದೆ ಮಾಡಿ ಬರೆಯಬೇಡಿ.

ಇನ್ನೊಂದು ವಿಷಯ. ಇದನ್ನು ಹೇಳುವುದು ನನಗೂ ಕಷ್ಟ. ನಮ್ಮ ಮನೆಯಲ್ಲಿ ಎರಡು ಸೀಮೆಹಸು ಇದ್ದವು. ಹಸು ಕರು ಹಾಕಿದ ದಿನ ಅಜ್ಜಿ ಮೊದಲು ನೋಡುತ್ತಿದ್ದದ್ದು ಗಂಡೋ ಹೆಣ್ಣೋ ಅಂತ. ಎರಡಕ್ಕೂ ಗಿಣ್ಣು ಕಾಯಿಸಿ ಬೀದಿಗೆಲ್ಲಾ ಹಂಚುತ್ತಿದ್ದರು. ಹೆಣ್ಣಾದರೆ ಹೆಸರು. ಗಂಡಾದರೆ ಹೆಸರಿಲ್ಲ. ಉಳುವುದಕ್ಕೆ ಟ್ರ್ಯಾಕ್ಟರ್ ಬಂದಾಗಿತ್ತು, ಡೈರಿಗೆ ಹಾಕುವ ಹಾಲಿನಲ್ಲಿ ಅದಕ್ಕೆ ಪಾಲು ಕೊಟ್ಟರೆ ನಷ್ಟ. ಕೆಲವು ವಾರ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿರುತ್ತಿದ್ದರು, ನಾನು ಸ್ಕೂಲಿನಿಂದ ಬಂದು ಅದರ ಬಾಯಿಗೆ ಬೆರಳು ಕೊಡುತ್ತಿದ್ದೆ, ಚೀಪುತ್ತಿತ್ತು. ಒಂದು ದಿನ ಲಗೇಜ್ ಆಟೋ ಬರುತ್ತಿತ್ತು. ಅಜ್ಜಿ ಆಗ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬಟ್ಟೆ ಒಗೆದು ಆಗಿದ್ದರೂ ಕಲ್ಲಿನ ಹತ್ತಿರ ನಿಂತಿರುತ್ತಿದ್ದರು. ಆಟೋ ಎಲ್ಲಿಗೆ ಹೋಗುತ್ತದೆ ಅಂತ ನಾವ್ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಹಸುವಿಗೆ ಕೈ ಮುಗಿಯದೆ ಕಾಫಿ ಕುಡಿದವರಲ್ಲ.

ಅದೂ ಜಾಸ್ತಿಯಾದ ಗಂಡುಮರಿಯೇ. ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ, ಕೊಯ್ದು ವಿವರಿಸಲು ಯಾರೂ ಇರಲಿಲ್ಲ, ಅಷ್ಟೇ. ಇದನ್ನು ಡೆನ್ಮಾರ್ಕ್‌ನವರು ಮಾಡಿದ್ದು ಸರಿ ಅಂತ ಹೇಳಲು ಬರೆಯುತ್ತಿಲ್ಲ. ನೀವು ಹಳ್ಳಿಯಲ್ಲಿ ಬೆಳೆದವರು ಅಂತ ಪರಿಚಯದಲ್ಲಿ ಬರೆದಿದ್ದೀರಿ. ನಿಮ್ಮ ಕೊಟ್ಟಿಗೆಯಲ್ಲೂ ಇಂಥ ಕರು ಇದ್ದಿರಬೇಕು. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದ್ದಿರುತ್ತದೆ. ಕೋಪನ್‌ಹೇಗನ್‌ನ ಸುದ್ದಿ ಓದಿ ನಿಮಗೆ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀರಲ್ಲ, ಅದು ಯಾಕೆ ಅಷ್ಟು ತಾಗಿತು ಅಂತ ಕೂತು ಯೋಚನೆ ಮಾಡಿ. ನನಗೆ ತಾಗಿದ್ದು ಆ ಬೆರಳು ಚೀಪಿದ ನೆನಪಿನಿಂದ.

ಬರವಣಿಗೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಜಿರಾಫೆಯ ಬಾಯಲ್ಲಿ ಹೇಳಿಸುವುದು ಬಿಡಿ, ಅದಕ್ಕೆ ಗೊತ್ತಿಲ್ಲದ್ದನ್ನೆಲ್ಲಾ ನೀವು ಅದರ ತಲೆಗೆ ತುಂಬಿದ್ದೀರಿ. ನೀವೇ ಮಾತಾಡಿ. ‘ಮೂಕವೇದನೆ’, ‘ಕರುಳು ಹಿಂಡುವ’, ‘ಮಾನವೀಯತೆಯ ಕಗ್ಗೊಲೆ’, ಇವು ನಿಮ್ಮ ಮಾತುಗಳಲ್ಲ, ಎಲ್ಲರೂ ಬಳಸಿ ಸವೆಸಿದವು. ಮೂರನೆ ಪುಟದಲ್ಲಿ ನಿಮ್ಮ ಅಮ್ಮ ಟಿವಿಯಲ್ಲಿ ಈ ಸುದ್ದಿ ನೋಡಿ ‘ಅಷ್ಟು ದೊಡ್ಡದನ್ನ ಬೆಳೆಸಿ ಹೆಂಗೆ ಮನಸು ಬಂತವ್ವಾ’ ಅಂದದ್ದು ಇದೆ. ಇಡೀ ಲೇಖನದಲ್ಲಿ ಅತಿ ಒಳ್ಳೆಯ ಸಾಲು ಅದು. ‘ಬೆಳೆಸಿ’ ಅನ್ನುವ ಪದದಲ್ಲೇ ನಿಮ್ಮ ವಾದ ಇದೆ. ಅದನ್ನು ಮೊದಲ ಪುಟಕ್ಕೆ ತನ್ನಿ.

ಸಾಧ್ಯವಾದರೆ ಬರೆಯುವ ಮುಂಚೆ ಒಂದು ದಿನ ಮೃಗಾಲಯಕ್ಕೆ ಹೋಗಿ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಜನ ಕಡಿಮೆ ಇರುವಾಗ. ಪ್ರಾಣಿಗಳನ್ನು ನೋಡಿಕೊಳ್ಳುವವರ ಜೊತೆ ಮಾತಾಡಿ. ಒಂದು ಪ್ರಾಣಿ ಬೇರೆ ಊರಿನ ಮೃಗಾಲಯಕ್ಕೆ ಹೋಗುವ ದಿನ ಅವರು ಏನು ಮಾಡುತ್ತಾರೆ, ಅದನ್ನು ಬೋನಿಗೆ ಹತ್ತಿಸಲು ಯಾವ ತಿಂಡಿ ತೋರಿಸುತ್ತಾರೆ ಅಂತ ಕೇಳಿ.

ಎರಡು ತಿಂಗಳು ತೆಗೆದುಕೊಳ್ಳಿ. ಈಗಿನ ಅರ್ಧದಷ್ಟು ಉದ್ದ ಸಾಕು. ಮತ್ತೆ ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.