ಹುಳಿಯ ಹಿಂದಿನ ಘಮ

ಪ್ರಶ್ನೆ: ಇಥಿಯೋಪಿಯಾದ ಯಿರ್ಗಚೆಫೆ ಕಾಫಿ ತಂದೆ. ಪೊಟ್ಟಣದ ಮೇಲೆ ‘ಮಲ್ಲಿಗೆ, ನಿಂಬೆ’ ಎಂದಿದೆ. ನನಗೆ ಬರೀ ಹುಳಿ ಸಿಗುತ್ತಿದೆ. ಎಸೆನ್ಸ್ ಬೆರೆಸಿರುತ್ತಾರಾ?

ಉತ್ತರ: ಇಲ್ಲ, ಆ ಘಮ ಬೀಜದ್ದೇ. ತಳಿ, ಬೆಳೆದ ಎತ್ತರ, ಹುರಿದ ಹದ ಎಲ್ಲ ಸೇರಿ ಬರುವಂಥದ್ದು. ಬರೀ ಹುಳಿ ಅಂದ್ರೆ ಸಾಮಾನ್ಯವಾಗಿ ಪುಡಿ ತರಿ ಜಾಸ್ತಿ, ಸತ್ವ ಪೂರ್ತಿ ಇಳಿದಿಲ್ಲ. ಸ್ವಲ್ಪ ನುಣ್ಣಗೆ ಬೀಸಿ. 15 ಗ್ರಾಂ ಪುಡಿಗೆ 240 ಮಿಲಿ ನೀರು, ಬಿಸಿ ಸುಮಾರು 94 ಡಿಗ್ರಿ. ಹಾಲು, ಸಕ್ಕರೆ ಬೇಡ.

ಆಮೇಲೆ ಕಾಯಿರಿ. ಸುಡುವ ಕಾಫಿಯಲ್ಲಿ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುವುದಿಲ್ಲ. ನಿಂಬೆ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಒಂದು ವಾಸನೆ ಬರುತ್ತೆ, ಅಲ್ವಾ? ಮೊದಲ ಸಲ ನನಗದು ಸಿಕ್ಕಿದ್ದು ಲೋಟ ಹತ್ತು ನಿಮಿಷ ಆರಿದ ಮೇಲೆ. ಚಮಚದಿಂದ ಸೊರ್ರನೆ ಹೀರಿ, ನಾಚಿಕೆ ಬೇಡ. ಗಾಳಿ ಸೇರಿದರೆ ಘಮ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ.